ಓದು ಅರ್ಧಕ್ಕೆ ನಿಲ್ಲದಂತೆ: ಉಡುಪಿ ಜಿಲ್ಲೆಯ ಕಾಲೇಜುಗಳಲ್ಲಿ ಆಪ್ತ ಸಮಾಲೋಚನೆಯ ಪಾಠ

2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ 93.90 ತೇರ್ಗಡೆಯೊಂದಿಗೆ ರಾಜ್ಯಕ್ಕೆ ಮೊದಲು ಬಂತು. ಹಿಂದಿನ ವರ್ಷ ಆ ಸ್ಥಾನ ದಕ್ಷಿಣ ಕನ್ನಡದ್ದು, ಉಡುಪಿ ಎರಡನೆಯದು. ಕರಾವಳಿಯ ಈ ಎರಡು ಜಿಲ್ಲೆಗಳ ಪೈಪೋಟಿ ಪ್ರತಿವರ್ಷದ ಸುದ್ದಿ. ಫಲಿತಾಂಶದ ದಿನ ಸಿಹಿ ಹಂಚುತ್ತಾರೆ, ಹೆಚ್ಚು ಅಂಕ ಪಡೆದವರ ಫೋಟೊ ಫ್ಲೆಕ್ಸ್ ಏರುತ್ತದೆ. ಹೀಗೆ ಪಾಸಾದವರಲ್ಲಿ ಒಂದಷ್ಟು ಮಂದಿ ಮುಂದೆ ಪದವಿ ತರಗತಿಯಿಂದ ಸದ್ದಿಲ್ಲದೆ ಜಾರಿಹೋಗುತ್ತಾರೆ. ಆ ಸುದ್ದಿ ಮಾತ್ರ ಯಾವ ಪುಟದಲ್ಲೂ ಬರುವುದಿಲ್ಲ.

ಕಾಲೇಜು ಬಿಡುವುದು ಒಂದೇ ದಿನ ನಡೆಯುವ ಘಟನೆಯಲ್ಲ. ಮೊದಲು ಸೋಮವಾರದ ಬೆಳಗಿನ ತರಗತಿ ತಪ್ಪುತ್ತದೆ, ಆಮೇಲೆ ಒಂದು ಇಂಟರ್ನಲ್ ಪರೀಕ್ಷೆ. ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದಾಗ ನೋಟಿಸ್ ಬೋರ್ಡಿನಲ್ಲಿ ಹೆಸರು ಬೀಳುತ್ತದೆ. ಆ ಪಟ್ಟಿ ನೋಡಿದವನು ಪ್ರಾಂಶುಪಾಲರ ಕೊಠಡಿಗೆ ಹೋಗುವ ಬದಲು ಬಸ್ ಸ್ಟ್ಯಾಂಡಿಗೆ ಹೋಗುತ್ತಾನೆ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ದಾಟಿದ ಮೇಲೆ ‘ಬರುವ ವರ್ಷ ನೋಡುವಾ’ ಎನ್ನುತ್ತಾನೆ. ಆ ಬರುವ ವರ್ಷ ಬಾರದೆ ಹೋದ ಉದಾಹರಣೆಗಳು ಊರೂರಿಗೂ ಇವೆ.

ಈ ಜಾರುವಿಕೆಯನ್ನು ಶುರುವಿನಲ್ಲೇ ತಡೆಯಲು ಹುಟ್ಟಿಕೊಂಡದ್ದು ಆಪ್ತ ಸಮಾಲೋಚನಾ ಕೋರ್ಸ್. ಮಾನಸಿಕ ಸಂಕಟ ಬಂದಾಗ ಬಾಗಿಲು ತಟ್ಟುವ ಆಪ್ತ ಸಲಹಾ ಕೊಠಡಿ ಬೇರೆ, ಇದು ಬೇರೆ. ಇದಕ್ಕೆ ವೇಳಾಪಟ್ಟಿಯಲ್ಲಿ ತನ್ನದೇ ಪಿರಿಯಡ್ ಇರುತ್ತದೆ, ಸಾಮಾನ್ಯವಾಗಿ ಕ್ರೆಡಿಟ್ ಕೂಡ. ಸಮಯವನ್ನು ಹೇಗೆ ಹಂಚಿಕೊಳ್ಳಬೇಕು, ನೋಟ್ಸ್ ಹೇಗೆ ಮಾಡಿಕೊಳ್ಳಬೇಕು, ವಿದ್ಯಾರ್ಥಿವೇತನಕ್ಕೆ ಎಲ್ಲಿ ಅರ್ಜಿ ಹಾಕಬೇಕು, ಬ್ಯಾಕ್‌ಲಾಗ್ ಉಳಿದರೆ ಮುಂದೇನು, ಯಾವ ಪದವಿ ಯಾವ ಉದ್ಯೋಗದತ್ತ ಒಯ್ಯುತ್ತದೆ, ಪರೀಕ್ಷೆಯ ಭಯವನ್ನು ಹೇಗೆ ಸಂಭಾಳಿಸಬೇಕು ಎಂಬುದೆಲ್ಲ ಇದರ ಪಠ್ಯ. ಪಾಠ ಮಾಡುವವರು ಸಮಾಲೋಚನೆಯಲ್ಲಿ ತರಬೇತಾದವರು ಅಥವಾ ಅವರ ಮಾರ್ಗದರ್ಶನ ಪಡೆದ ಅಧ್ಯಾಪಕರು.

ಹೊರಗಿನ ಅನುಭವ

ಇದರ ತವರು ಅಮೆರಿಕ. ಆರೆಗನ್ ರಾಜ್ಯದ ರೀಡ್ ಕಾಲೇಜು 1911ರಲ್ಲೇ ಹೊಸಬರಿಗಾಗಿ ಕ್ರೆಡಿಟ್ ಇರುವ ಇಂಥ ತರಗತಿ ನಡೆಸಿತ್ತು. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ವಿದ್ಯಾರ್ಥಿ ಗಲಭೆಯಾಯಿತು. ಅದಾದ ಎರಡು ವರ್ಷಕ್ಕೆ ಆರಂಭವಾದ ‘ಯುನಿವರ್ಸಿಟಿ 101’ ಇಂಥ ಕೋರ್ಸ್‌ಗಳಿಗೆ ಮಾದರಿಯಾಯಿತು. ಇದು ಹೆಚ್ಚು ಬೇರುಬಿಟ್ಟದ್ದು ಕಮ್ಯುನಿಟಿ ಕಾಲೇಜುಗಳಲ್ಲಿ. ಕಡಿಮೆ ಶುಲ್ಕ, ಮನೆಯಿಂದಲೇ ಹೋಗಿಬರುವ ವಿದ್ಯಾರ್ಥಿಗಳು, ದುಡಿಯುತ್ತ ಓದುವವರು, ವಂಶದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಸೇರುವ ಎರಡು ವರ್ಷದ ಕಾಲೇಜುಗಳು ಅವು. ಕ್ಯಾಲಿಫೋರ್ನಿಯದ ಹೇವರ್ಡ್‌ನಲ್ಲಿರುವ ಶಾಬೋ ಕಾಲೇಜಿನಲ್ಲಿ 1981ರಲ್ಲಿ ಆರಂಭವಾದ ‘ಪುವೆಂಟೆ’ ಯೋಜನೆ ಇಂಗ್ಲಿಷ್ ಬರವಣಿಗೆ, ಸಮಾಲೋಚನಾ ತರಗತಿ, ಸಮುದಾಯದಿಂದಲೇ ಬಂದ ಮಾರ್ಗದರ್ಶಕರು, ಈ ಮೂರನ್ನೂ ಒಟ್ಟಿಗೆ ಹೊಸೆಯಿತು.

ಇಂಥ ಕೋರ್ಸ್ ಇಟ್ಟ ಮಾತ್ರಕ್ಕೆ ಎಲ್ಲರೂ ಪಾಸಾಗುತ್ತಾರೆ ಎಂಬ ಭ್ರಮೆ ಬೇಡ. ಕ್ಯಾಲಿಫೋರ್ನಿಯದ ಚಾಫಿ ಕಾಲೇಜಿನಲ್ಲಿ ಓದಿನಲ್ಲಿ ಹಿಂದೆಬಿದ್ದು ಎಚ್ಚರಿಕೆ ಪಡೆದಿದ್ದ ವಿದ್ಯಾರ್ಥಿಗಳಿಗೆ ಒಂದು ಕಾಲೇಜು ಯಶಸ್ಸಿನ ಕೋರ್ಸ್ ಇಟ್ಟರು. ಮೊದಲ ಸುತ್ತಿನಲ್ಲಿ ‘ಇಷ್ಟವಿದ್ದರೆ ಬನ್ನಿ’ ಎಂದಾಗ ಸುಮಾರು ಅರ್ಧದಷ್ಟು ಮಂದಿ ಬರಲೇ ಇಲ್ಲ, ಫಲವೂ ಕಾಣಲಿಲ್ಲ. ಎರಡನೇ ಸುತ್ತಿನಲ್ಲಿ ‘ಬರಲೇಬೇಕು’ ಎಂದರು. ಎಚ್ಚರಿಕೆ ಪಟ್ಟಿಯಿಂದ ಹೊರಬಂದವರ ಪ್ರಮಾಣ ಆಗ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆದರೆ ಕೆಲವು ವರ್ಷ ಬಿಟ್ಟು ನೋಡಿದಾಗ ಆ ಲಾಭವೂ ಕರಗಿಹೋಗಿತ್ತು. ನಾರ್ತ್ ಕೆರೊಲಿನಾದ ಗಿಲ್ಫರ್ಡ್ ಟೆಕ್ನಿಕಲ್ ಕಮ್ಯುನಿಟಿ ಕಾಲೇಜಿನ ಅಧ್ಯಯನ 2012ರಲ್ಲಿ ಹೊರಬಂತು. ವಿದ್ಯಾರ್ಥಿಗಳಿಗೆ ತಮ್ಮ ಬಗ್ಗೆ ಅರಿವು, ಇತರರೊಡನೆ ಕೂಡಿ ಕೆಲಸ ಮಾಡುವ ಗುಣ ಹೆಚ್ಚಿತ್ತು. ಒಟ್ಟಾರೆ ಅಂಕಪಟ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಗಟ್ಟಿ ಫಲಿತಾಂಶ ಬಂದದ್ದು ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ಆರಂಭಿಸಿದ ‘ಅಸಾಪ್’ ಎಂಬ ಯೋಜನೆಯಿಂದ. ಅದರಲ್ಲಿ ಸೆಮಿನಾರ್ ತರಗತಿ ಒಂದು ಭಾಗ ಮಾತ್ರ. ಪದೇಪದೇ ಭೇಟಿಯಾಗುವ ಸಲಹೆಗಾರ, ಕೊರತೆ ಬಿದ್ದ ಶುಲ್ಕದ ಭರ್ತಿ, ಪಠ್ಯಪುಸ್ತಕದ ನೆರವು, ಜತೆಗೆ ಮೆಟ್ರೊ ಪಾಸ್. ಆ ಪಾಸ್ ಸಿಗಬೇಕಾದರೆ ಸಲಹೆಗಾರನನ್ನು ಕಾಣಲೇಬೇಕು. ಮೂರು ವರ್ಷದೊಳಗೆ ಪದವಿ ಮುಗಿಸಿದವರು ಈ ಗುಂಪಿನಲ್ಲಿ ಶೇ 40, ಯೋಜನೆಯಿಂದ ಹೊರಗಿದ್ದ ಹೋಲಿಕೆಯ ಗುಂಪಿನಲ್ಲಿ ಶೇ 22. ತರಗತಿ, ಹಣ, ಬಸ್ಸು, ಒಬ್ಬ ಖಾಯಂ ಮನುಷ್ಯ, ಈ ನಾಲ್ಕೂ ಒಂದೇ ಕಡೆ ಸೇರಿದಾಗಲೇ ಕೋರ್ಸ್‌ಗೆ ಬಲ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ. ಉಡುಪಿ ಜಿಲ್ಲೆಯನ್ನು ಅಳೆಯಲೂ ಇದೇ ಒಳ್ಳೆಯ ಅಳತೆಗೋಲು.

ಇಲ್ಲಿನ ಕಮ್ಯುನಿಟಿ ಕಾಲೇಜು ಯಾವುದು?

ಭಾರತಕ್ಕೆ ಈ ಕಲ್ಪನೆ ಬಂದದ್ದು ತಡವಾಗಿ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ, ಮರುವರ್ಷ ಮದರಾಸಿನ ಕ್ರೈಸ್ತ ಧರ್ಮಪ್ರಾಂತ್ಯ ಕಮ್ಯುನಿಟಿ ಕಾಲೇಜುಗಳನ್ನು ತೆರೆದವು. ಮದರಾಸಿನ ಕಾಲೇಜಿನ ಹಿಂದಿದ್ದವರು ಜೆಸ್ವಿಟ್ ಪಾದ್ರಿ ಕ್ಸೇವಿಯರ್ ಅಲ್ಫೋನ್ಸ್. ಅವರ ಮಾದರಿಯಲ್ಲಿ ಕಸುಬು ಕಲಿಸುವ ಮುನ್ನವೇ ಜೀವನ ಕೌಶಲದ ಪಾಠ ಶುರುವಾಗುತ್ತಿತ್ತು. ಶಾಲೆ ಬಿಟ್ಟು ವರ್ಷಗಳಾದ ಹುಡುಗನಿಗೆ ಮೊದಲು ತನ್ನ ಮೇಲೆ ನಂಬಿಕೆ ಬರಲಿ, ಫ್ರಿಜ್ ರಿಪೇರಿ ಆಮೇಲೆ ಎಂಬ ಲೆಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2013ರಲ್ಲಿ ದೇಶವ್ಯಾಪಿ ಕಮ್ಯುನಿಟಿ ಕಾಲೇಜು ಯೋಜನೆ ತಂದಾಗ ಪಠ್ಯವನ್ನು ಶೇ 60 ಕೌಶಲ, ಶೇ 40 ಸಾಮಾನ್ಯ ಶಿಕ್ಷಣ ಎಂದು ಹಂಚಿತು. ಜೀವನ ಕೌಶಲ ಈ ಎರಡನೇ ಪಾಲಿಗೆ ಸೇರಿತು.

ಉಡುಪಿಯಲ್ಲಿ ‘ಕಮ್ಯುನಿಟಿ ಕಾಲೇಜು’ ಎಂಬ ಬೋರ್ಡು ಹುಡುಕುವುದಕ್ಕಿಂತ ಆ ಕೆಲಸವನ್ನು ಯಾರು ಮಾಡುತ್ತಿದ್ದಾರೆ ಎಂದು ನೋಡುವುದು ಲೇಸು. ಮಾಡುತ್ತಿರುವವು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು, ಪಾಲಿಟೆಕ್ನಿಕ್‌ಗಳು, ಐಟಿಐಗಳು, ಸಂಧ್ಯಾ ಕಾಲೇಜು. ಅಜ್ಜರಕಾಡಿನ ಡಾ. ಜಿ. ಶಂಕರ್ ಸರಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು, ಕಾಪುವಿನ ಸರಕಾರಿ ಪ್ರಥಮ ದರ್ಜೆ ಕಾಲೇಜು, ಕಾರ್ಕಳದ ಮಂಜುನಾಥ ಪೈ ಸ್ಮಾರಕ ಸರಕಾರಿ ಪ್ರಥಮ ದರ್ಜೆ ಕಾಲೇಜು, ತೆಂಕನಿಡಿಯೂರಿನ ಸರಕಾರಿ ಕಾಲೇಜು ಈ ಸಾಲಿನವು. ಹಗಲು ದುಡಿದು ಸಂಜೆ ಓದುವವರಿಗೆ ಉಡುಪಿಯ ಎಂಜಿಎಂ ಸಂಧ್ಯಾ ಕಾಲೇಜು ಇದೆ. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಪ್ರತಿಷ್ಠಾನದ ಮಣಿಪಾಲ ಕೌಶಲಾಭಿವೃದ್ಧಿ ಕೇಂದ್ರ ಅಲ್ಪಾವಧಿ ಕೋರ್ಸ್‌ಗಳನ್ನು ನಡೆಸುತ್ತದೆ.

ಇಂಥ ಶಿಕ್ಷಣಕ್ಕೆ ಈ ನೆಲದಲ್ಲಿ ಹಳೆಯ ಬೇರೂ ಉಂಟು. ಮಣಿಪಾಲವನ್ನು ಈಗ ಎಲ್ಲರೂ ವೈದ್ಯಕೀಯ, ಎಂಜಿನಿಯರಿಂಗ್ ಊರೆಂದೇ ಬಲ್ಲರು. ಕಸ್ತೂರಬಾ ಮೆಡಿಕಲ್ ಕಾಲೇಜು 1953ರದ್ದು, ತಾಂತ್ರಿಕ ಕಾಲೇಜು 1957ರದ್ದು. ಅದಕ್ಕೂ ಮೊದಲು, 1942ರಲ್ಲಿ, ಡಾ. ಟಿ.ಎಂ.ಎ. ಪೈ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದ್ದು ಜನಸಾಮಾನ್ಯರಿಗೆ ಕಸುಬು ಕಲಿಸಲೆಂದು. 1949ರಲ್ಲಿ ಉಡುಪಿಯ ಎಂಜಿಎಂ ಕಾಲೇಜು, 1960ರಲ್ಲಿ ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜು ಬಂದವು. ಅದೇ 1960ರಲ್ಲಿ ಅದಮಾರು ಮಠದ ಶ್ರೀ ವಿಬುಧೇಶ ತೀರ್ಥರು ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜು ಆರಂಭಿಸಿದರು. ಅದಕ್ಕಿಂತ ಹಿಂದೆ ಕಾಪು, ಉಚ್ಚಿಲ, ಪಡುಬಿದ್ರಿಯ ಹುಡುಗರು ಓದಿದ್ದು ಮುಂಬೈಯಲ್ಲಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆಗೋ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆಗೋ ಹೋದವರ ದೊಡ್ಡ ಪೀಳಿಗೆಯೇ ಇದೆ. ಅಲ್ಲಿ ಪಾಠ ಹೇಳುವವರೇ ಊರಿನ ಸುದ್ದಿ ಕೇಳುವವರು, ಕೆಲಸ ಹುಡುಕಿಕೊಡುವವರು, ‘ಪರೀಕ್ಷೆ ಬಿಡಬೇಡ ಮಾರಾಯಾ’ ಎಂದು ಗದರುವವರು. ಅವರನ್ನು ಆಪ್ತ ಸಲಹೆಗಾರರೆಂದು ಯಾರೂ ಕರೆಯಲಿಲ್ಲ.

ಏಕೆ ಬಿಡುತ್ತಾರೆ

ಕಾರಣಗಳಲ್ಲಿ ಮೊದಲು ಭಾಷೆ. ಕಾರ್ಕಳ ತಾಲೂಕಿನ ಮಾಳ, ಬಜಗೋಳಿ ಕಡೆಯ ಹುಡುಗಿ ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುತ್ತಾಳೆ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಪಿಯುಸಿ ವಾಣಿಜ್ಯಕ್ಕೆ ಬಂದಾಗ ಇಂಗ್ಲಿಷ್. ಬಿ.ಕಾಂ. ಸೇರುವ ಹೊತ್ತಿಗೆ ಅಕೌಂಟೆನ್ಸಿಯ ಲೆಕ್ಕ ಬರುತ್ತದೆ, ಥಿಯರಿ ಉತ್ತರ ಬರೆಯಲು ಬರುವುದಿಲ್ಲ. ತರಗತಿಯಲ್ಲಿ ಎದ್ದು ಕೇಳಲು ಸಂಕೋಚ. ತುಳುವಿನಲ್ಲಿ ಎರಡು ಮಾತು ಆಡಿದರೆ ಬಾಯಿ ಬಿಡುವ ಈಕೆ ಇಂಗ್ಲಿಷಿನಲ್ಲಿ ಅಚ್ಚಾದ ಫಾರ್ಮಿನ ಮುಂದೆ ಮೌನಿಯಾಗುತ್ತಾಳೆ. ಇಲ್ಲಿ ಸಮಾಲೋಚನೆ ಫಲಿಸಬೇಕಾದರೆ ಅದು ಮನೆಮಾತಿನಲ್ಲೇ ನಡೆಯಬೇಕು.

ಎರಡನೆಯದು ದುಡಿಮೆ. ಕರಾವಳಿಯ ಕಾಲೇಜು ಹುಡುಗರಿಗೆ ವಾರಾಂತ್ಯದ ದುಡಿಮೆ ಎಂದರೆ ಕ್ಯಾಟರಿಂಗ್. ಮದುವೆ, ಬ್ರಹ್ಮಕಲಶ, ನೇಮ ಎಲ್ಲದಕ್ಕೂ ಬಡಿಸುವವರು ಬೇಕು. ಕೈಯಲ್ಲಿ ನಗದು ಬೀಳುತ್ತದೆ, ಮೇಲೆ ಒಳ್ಳೆಯ ಊಟ. ಅಡಚಣೆ ಇಷ್ಟೇ: ನವೆಂಬರಿನಿಂದ ಮೇವರೆಗಿನ ಸಮಾರಂಭಗಳ ಹಂಗಾಮು ಇಂಟರ್ನಲ್, ಅಸೈನ್‌ಮೆಂಟ್, ಸೆಮಿಸ್ಟರ್ ಪರೀಕ್ಷೆಗಳ ಮೇಲೆ ಬಂದು ಕೂರುತ್ತದೆ. ಯಕ್ಷಗಾನ ಮೇಳಗಳ ತಿರುಗಾಟದ ಕಾಲವೂ ಅದೇ. ಮೀನುಗಾರ ಕುಟುಂಬಗಳ ಲೆಕ್ಕ ಬೇರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮನೆಯಲ್ಲಿ ದುಡ್ಡಿನ ಹರಿವು ನಿಂತ ಆ ಮಳೆಗಾಲದಲ್ಲೇ ಕಾಲೇಜಿನ ಪ್ರವೇಶ ಶುಲ್ಕ ಎದುರಾಗುತ್ತದೆ.

ಮೂರನೆಯದು ಬಸ್ಸು. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಆದರೆ ಕರಾವಳಿಯ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಒಳಹಳ್ಳಿಯಿಂದ ಕಾರ್ಕಳಕ್ಕೆ ಒಂದು, ಅಲ್ಲಿಂದ ಉಡುಪಿಗೆ ಇನ್ನೊಂದು ಬಸ್ಸು ಹಿಡಿಯುವ ಹುಡುಗಿಗೆ ಆ ಉಚಿತ ಟಿಕೆಟಿನ ಲಾಭ ಅಷ್ಟಕ್ಕಷ್ಟೆ. ಊರಿನ ಕೊನೆಯ ಬಸ್ಸು ಹೊರಡುವ ಹೊತ್ತಿಗೆ ಅವಳ ಗ್ರಂಥಾಲಯದ ಸಮಯವೂ ಮುಗಿಯಿತು. ನ್ಯೂಯಾರ್ಕಿನವರು ಮೆಟ್ರೊ ಪಾಸನ್ನು ಸಲಹೆಗಾರನ ಭೇಟಿಗೆ ಗಂಟುಹಾಕಿದ್ದು ಸುಮ್ಮನೆ ಅಲ್ಲ ಎಂಬುದು ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಬೇಗ ಅರ್ಥವಾದೀತು.

ಇವೆಲ್ಲಕ್ಕಿಂತ ಕಠಿಣ ದಾರಿ ಕೊರಗ ಸಮುದಾಯದ ಮಕ್ಕಳದ್ದು. ವಿಶೇಷ ದುರ್ಬಲ ಬುಡಕಟ್ಟು ಎಂದು ಸರಕಾರ ಗುರುತಿಸಿರುವ ಈ ಸಮುದಾಯಕ್ಕಾಗಿ ಉಡುಪಿಯಲ್ಲಿ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿ ಇದೆ, ಹಾಸ್ಟೆಲು, ವಿದ್ಯಾರ್ಥಿವೇತನದ ಸವಲತ್ತುಗಳೂ ಇವೆ. ತರಗತಿಯಲ್ಲಿ ಪಕ್ಕ ಕೂರುವವರ ನೋಟ ಮಾತ್ರ ಯಾವ ಯೋಜನೆಯ ಕಡತದಲ್ಲೂ ದಾಖಲಾಗುವುದಿಲ್ಲ.

ಒಂದು ಪಿರಿಯಡ್‌ನಲ್ಲಿ ಏನು ನಡೆಯುತ್ತದೆ

ಇಂಥ ಕೋರ್ಸ್‌ಗಳಲ್ಲಿ ಬಹಳ ಕಡೆ ಬಳಸುವ ಒಂದು ಅಭ್ಯಾಸವನ್ನು ಹತ್ತಿರದಿಂದ ನೋಡಬಹುದು. ಕಾಗದದ ಮೇಲೆ ಏಳು ಕಂಬ, ಇಪ್ಪತ್ತನಾಲ್ಕು ಸಾಲು. ಒಟ್ಟು 168 ಮನೆ. ವಾರದ ಪ್ರತಿ ಗಂಟೆಗೂ ಒಂದು ಮನೆ. ವಿದ್ಯಾರ್ಥಿ ಹಿಂದಿನ ವಾರವನ್ನು ಇದ್ದಂತೆಯೇ ತುಂಬಬೇಕು: ನಿದ್ದೆ, ಬಸ್ಸು, ತರಗತಿ, ಹಟ್ಟಿ ಕೆಲಸ, ಕ್ಯಾಟರಿಂಗ್, ಮೊಬೈಲು. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವವನಿಗೆ ಆರು ದಿನಕ್ಕೆ 18 ಮನೆ ಅಲ್ಲೇ ಹೋಗುತ್ತವೆ. ಶನಿವಾರ ರಾತ್ರಿ, ಭಾನುವಾರ ಹಗಲು ಬಡಿಸಲು ಹೋದರೆ ಇನ್ನೊಂದು ಹದಿನೈದು. ‘ನನಗೆ ಓದಲು ತಲೆಯಿಲ್ಲ’ ಎಂದುಕೊಂಡಿದ್ದವನಿಗೆ ಓದಲು ಹೊತ್ತೇ ಇಲ್ಲ ಎಂಬುದು ಕಣ್ಣೆದುರು ಬರುತ್ತದೆ. ಮುಂದಿನ ಮಾತು ಇಲ್ಲಿಂದ ಶುರು: ಬಸ್ಸಿನಲ್ಲಿ ಸೀಟು ಸಿಗುವ ಒಂದು ಗಂಟೆಯಲ್ಲಿ ಯಾವ ವಿಷಯ ಓದಬಹುದು? ಪರೀಕ್ಷೆಗೆ ಮುಂಚಿನ ಎಷ್ಟು ವಾರ ಕ್ಯಾಟರಿಂಗಿಗೆ ಇಲ್ಲ ಎನ್ನಬಹುದು? ಅಷ್ಟು ದಿನದ ಕೂಲಿ ತಪ್ಪಿದರೆ ಮನೆ ನಡೆದೀತೇ?

ಎರಡನೇ ಅಭ್ಯಾಸ ಇದಕ್ಕಿಂತ ಸಪ್ಪೆ, ಉಪಯೋಗ ಮಾತ್ರ ಹೆಚ್ಚು. ಅದು ಅರ್ಜಿ ತುಂಬುವುದು. ಕರ್ನಾಟಕದಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹೋಗುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಅದಕ್ಕೆ ನಾಡಕಚೇರಿಗೆ ಹೋಗಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಆಧಾರಿಗೂ ತಾಳೆಯಾಗಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ‘ವಿದ್ಯಾಸಿರಿ’ಯಲ್ಲಿ ತಿಂಗಳಿಗಿಷ್ಟು ಎಂದು ಹತ್ತು ತಿಂಗಳು ನೆರವುಂಟು. ಆ ಹಣ ಬಂತೆಂದರೆ ಎಷ್ಟೋ ಮನೆಗಳಲ್ಲಿ ಒಂದು ವರ್ಷದ ಓದು ಉಳಿದಂತೆ. ಒಂದು ಅಕ್ಷರ ತಪ್ಪಿ ಅರ್ಜಿ ತಿರಸ್ಕೃತವಾದರೆ ಅದು ಕೈತಪ್ಪುತ್ತದೆ. ಸೈಬರ್ ಸೆಂಟರಿನವನು ಅವಸರದಲ್ಲಿ ತುಂಬಿಕೊಟ್ಟ ಅರ್ಜಿಗಿಂತ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಪರಸ್ಪರ ನೋಡಿ ತುಂಬಿದ ಅರ್ಜಿ ಮೇಲು. ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶಗಳನ್ನು ನೋಡಿಕೊಳ್ಳುವ ಯುಯುಸಿಎಂಎಸ್ ಜಾಲತಾಣದ ಪಾಠವೂ ಇದರ ಜತೆಗೇ ಆಗಬೇಕು. ಸಮಾಲೋಚನೆ ಎಂದಾಕ್ಷಣ ಕಣ್ಣೀರು ಒರೆಸುವ ದೃಶ್ಯ ಕಲ್ಪಿಸಿಕೊಳ್ಳುವವರಿಗೆ ಇದು ಸಮಾಲೋಚನೆಯೇ ಅನಿಸದಿರಬಹುದು.

ಪಠ್ಯಕ್ರಮದಲ್ಲಿ ಬಂದದ್ದು, ಹೋದದ್ದು

ಯುಜಿಸಿ 2019ರಲ್ಲಿ ಎರಡು ದಾಖಲೆಗಳನ್ನು ಹೊರತಂದಿತು. ‘ದೀಕ್ಷಾರಂಭ’ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಕಾರ್ಯಕ್ರಮ. ‘ಜೀವನ ಕೌಶಲ’ ಎಂಟು ಕ್ರೆಡಿಟ್‌ಗಳ ಪಠ್ಯ. ಸಂವಹನ, ವೃತ್ತಿ ಕೌಶಲ, ನಾಯಕತ್ವ, ಮಾನವೀಯ ಮೌಲ್ಯ ಎಂಬ ನಾಲ್ಕು ಭಾಗ, ತಲಾ ಎರಡು ಕ್ರೆಡಿಟ್. ಕಾಗದದ ಮೇಲೆ ಸಮಾಲೋಚನಾ ಕೋರ್ಸ್‌ಗೆ ಇಷ್ಟು ಹತ್ತಿರ ಬಂದದ್ದು ಬೇರೊಂದಿಲ್ಲ. ಆದರೆ ‘ದೀಕ್ಷಾರಂಭ’ ಬಹಳ ಕಡೆ ದೀಪ ಬೆಳಗಿಸಿ, ಭಾಷಣ ಮಾಡಿ, ಗುಂಪು ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮವಾಗಿ ಮುಗಿಯುತ್ತದೆ. ಕಾಲೇಜಿಗೆ ಬಂದ ಮೊದಲ ವಾರ ಹುಡುಗರಿಗೆ ತಮ್ಮ ಕಷ್ಟ ಏನೆಂದೇ ತಿಳಿದಿರುವುದಿಲ್ಲ. ಅದು ತಿಳಿಯುವುದು ಮೊದಲ ಇಂಟರ್ನಲ್ ಅಂಕ ಬಂದಾಗ.

ಕರ್ನಾಟಕ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ಪದವಿಯಲ್ಲಿ ಯೋಗ, ಆರೋಗ್ಯ ಮತ್ತು ಕ್ಷೇಮ, ಕ್ರೀಡೆ, ಡಿಜಿಟಲ್ ಫ್ಲುಯೆನ್ಸಿಯಂಥ ಸಣ್ಣ ಕ್ರೆಡಿಟ್‌ಗಳ ಕೋರ್ಸ್‌ಗಳು ಬಂದವು. ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಉಡುಪಿ ಜಿಲ್ಲೆಯ ಕಾಲೇಜುಗಳೂ ಅವನ್ನು ನಡೆಸಿದವು. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಪಡೆದು ಹೊರಹೋಗುವ ಅವಕಾಶವನ್ನೂ ಆ ನೀತಿ ಕೊಟ್ಟಿತ್ತು. ಮಧ್ಯದಲ್ಲಿ ಬಿಟ್ಟವನಿಗೆ ಕಾಗದವೊಂದು ಸಿಗುತ್ತದೆ ಎಂಬುದು ಒಳ್ಳೆಯದೇ. ಬಿಟ್ಟುಹೋಗುವುದಕ್ಕೆ ಗೌರವದ ಬಾಗಿಲು ತೆರೆದಂತೆಯೂ ಆಯಿತು ಎಂಬ ಟೀಕೆಗೂ ಹುರುಳಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024–25ರಿಂದ ರಾಜ್ಯ ಆ ನೀತಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಮೂರು ವರ್ಷದಲ್ಲಿ ಎರಡು ಪಠ್ಯಕ್ರಮ ಕಂಡ ಅಧ್ಯಾಪಕರು ಮುಖ್ಯ ವಿಷಯಗಳ ಪಠ್ಯ ಮುಗಿಸುವುದರಲ್ಲೇ ಹೈರಾಣಾದರು. ಇಂಥ ಹೊತ್ತಿನಲ್ಲಿ ಮೊದಲು ಮೂಲೆ ಸೇರುವುದು ಸಣ್ಣ ಕೋರ್ಸ್‌ಗಳೇ.

ಈಗ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಮಾಲೋಚನೆಯ ಭಾರ ಬಿದ್ದಿರುವುದು ಮೆಂಟರ್ ವ್ಯವಸ್ಥೆಯ ಮೇಲೆ. ಒಬ್ಬ ಅಧ್ಯಾಪಕರಿಗೆ ಒಂದು ಗುಂಪು ವಿದ್ಯಾರ್ಥಿಗಳು. ಕಾಲೇಜುಗಳ ಮೌಲ್ಯಮಾಪನಕ್ಕೆ ಬರುವ ನ್ಯಾಕ್ ತಂಡ ಈ ಅನುಪಾತವನ್ನು ಕೇಳುವುದರಿಂದ ಕಡತ ಅಚ್ಚುಕಟ್ಟಾಗಿ ಇರುತ್ತದೆ. ಆದರೆ ಸರಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರಿಂದ. ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ಕಾಯಮಾತಿಗಾಗಿ ಅವರು 2023ರ ನವೆಂಬರಿನಲ್ಲಿ ಮುಷ್ಕರ ಹೂಡಿದಾಗ ಎಷ್ಟೋ ಕಾಲೇಜುಗಳಲ್ಲಿ ತರಗತಿಗಳೇ ನಿಂತವು. ಪ್ರತಿವರ್ಷ ಹೊಸ ಆದೇಶಕ್ಕೆ ಕಾಯುವ ಉಪನ್ಯಾಸಕಿ ಮೂರು ವರ್ಷ ಒಬ್ಬ ವಿದ್ಯಾರ್ಥಿಯ ಬೆನ್ನಿಗೆ ನಿಲ್ಲುತ್ತೇನೆಂದು ಹೇಗೆ ಮಾತು ಕೊಟ್ಟಾಳು? ಅಸಾಪ್‌ನ ನಾಲ್ಕು ಅಂಶಗಳಲ್ಲಿ ಉಡುಪಿಗೆ ಅತಿ ದುಬಾರಿಯಾಗಿ ಕಾಣುವುದು ಬಸ್ಸೂ ಅಲ್ಲ, ಹಣವೂ ಅಲ್ಲ. ಆ ಖಾಯಂ ಮನುಷ್ಯ.

ಕಾಲೇಜಿನ ಹೊರಗೆ: ವಿದ್ಯಾಪೋಷಕ್

ವಿಚಿತ್ರವೆಂದರೆ ಜಿಲ್ಲೆಯಲ್ಲಿ ಸಮಾಲೋಚನಾ ಕೋರ್ಸ್‌ನ ಹೆಚ್ಚಿನ ಗುಣಗಳನ್ನು ಒಟ್ಟಿಗೆ ಕೂಡಿಸಿದ್ದು ಕಾಲೇಜಲ್ಲ, ಒಂದು ಯಕ್ಷಗಾನ ಸಂಸ್ಥೆ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಕ್ಷೇಮಕ್ಕಾಗಿ ದುಡಿಯುತ್ತ, 2005ರಲ್ಲಿ ‘ವಿದ್ಯಾಪೋಷಕ್’ ಆರಂಭಿಸಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಬಡ, ಪ್ರತಿಭಾವಂತ ವಿದ್ಯಾರ್ಥಿಗಳನ್ನು ಆರಿಸಿ ಪಿಯುಸಿಯಿಂದ ಪದವಿ, ವೃತ್ತಿಶಿಕ್ಷಣದವರೆಗೆ ನೆರವಾಗುವ ಯೋಜನೆ ಇದು.

ಇದರ ಹೆಚ್ಚುಗಾರಿಕೆ ಚೆಕ್ಕಿನ ಮೊತ್ತದಲ್ಲಿಲ್ಲ, ಮನೆಭೇಟಿಯಲ್ಲಿದೆ. ಅರ್ಜಿ ಬಂದ ಮೇಲೆ ಕಾರ್ಯಕರ್ತರು ವಿದ್ಯಾರ್ಥಿಯ ಮನೆಗೆ ಹೋಗುತ್ತಾರೆ. ಅಂಗಳದಲ್ಲಿ ಕೂತು ತಾಯಿಯೊಡನೆ ಮಾತಾಡುತ್ತಾರೆ, ಒಲೆ ಹೊತ್ತುವ ಜಾಗ, ಮಗ ಓದುವ ಮೂಲೆ, ಮಳೆ ಸೋರುವ ಮಾಡು ಎಲ್ಲ ನೋಡುತ್ತಾರೆ. ವಿದ್ಯುತ್ ಇಲ್ಲದ ಮನೆಗಳಿಗೆ ಸೋಲಾರ್ ದೀಪ ಹೋದದ್ದು ಹೀಗೆ ನೋಡಿಬಂದ ಮೇಲೆ. ತೀರ ದುಃಸ್ಥಿತಿಯಲ್ಲಿದ್ದ ವಿದ್ಯಾರ್ಥಿಗಳಿಗೆ ದಾನಿಗಳ ನೆರವಿನಿಂದ ಹತ್ತಾರು ಮನೆಗಳನ್ನೇ ಕಟ್ಟಿಸಿಕೊಟ್ಟಿದ್ದಾರೆ. ಇದರ ಜತೆಗೆ ಸನಿವಾಸ ಶಿಬಿರಗಳು: ಇಂಗ್ಲಿಷ್, ಸಂವಹನ, ಜೀವನ ಕೌಶಲ, ಮುಂದೇನು ಓದಬೇಕೆಂಬ ಚರ್ಚೆ. ಹಾಸಿಗೆ ಸುತ್ತಿಕೊಂಡು ಬಂದ ಹುಡುಗಿಗೆ ತನ್ನಂಥವರು ಇನ್ನೂ ಇದ್ದಾರೆಂದು ಗೊತ್ತಾಗುವುದೇ ಅಲ್ಲಿನ ಮೊದಲ ಪಾಠ. ಓದು ಮುಗಿಸಿ ಉದ್ಯೋಗ ಹಿಡಿದ ಹಳೆಯ ವಿದ್ಯಾರ್ಥಿಗಳು ಮುಂದೆ ದಾನಿಗಳಾಗಿಯೂ ಬಂದಿದ್ದಾರೆ.

ಮಿತಿಯೂ ಇದೆ. ಆಯ್ಕೆಗೆ ಅಂಕ ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಜಸ್ಟ್ ಪಾಸಾಗಿ, ಹಿಂದಿನ ಬೆಂಚಿನಲ್ಲಿ ಕೂತು, ಮೊದಲ ಸೆಮಿಸ್ಟರಿನಲ್ಲೇ ಮೂರು ವಿಷಯ ಉಳಿಸಿಕೊಂಡವನು ಈ ಜಾಲರಿಗೆ ಸಿಗುವುದಿಲ್ಲ. ಚಾಫಿ ಕಾಲೇಜು ಕೋರ್ಸ್ ಇಟ್ಟದ್ದು ಅವನಿಗಾಗಿಯೇ.

ಸಲಹೆಗಾರರು ಎಲ್ಲಿದ್ದಾರೆ

ಉಡುಪಿಯಿಂದ ಐದಾರು ಕಿ.ಮೀ. ದೂರದ ಮಣಿಪಾಲದಲ್ಲಿ ಚಿತ್ರವೇ ಬೇರೆ. ಮಾಹೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗಾಗಿ ಸಹಾಯ ಕೇಂದ್ರವಿದೆ, ಕ್ಲಿನಿಕಲ್ ಸೈಕಾಲಜಿ ವಿಭಾಗವಿದೆ, ಕಸ್ತೂರಬಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮದ್ಯವ್ಯಸನ ವಿಮುಕ್ತಿ ಶಿಬಿರಗಳಿಗೆ ಹೆಸರಾದದ್ದು. ಅಪ್ಪನ ಕುಡಿತದಿಂದ ಓದು ಬಿಡುವ ಸ್ಥಿತಿಗೆ ಬಂದ ವಿದ್ಯಾರ್ಥಿಗೆ ಅಂಕಗಳ ಬಗ್ಗೆ ಉಪದೇಶಿಸುವುದಕ್ಕಿಂತ ಆ ಆಸ್ಪತ್ರೆಯ ವಿಳಾಸ ಕೊಡುವುದೇ ಹೆಚ್ಚಿನ ಸಮಾಲೋಚನೆ. ಹಾಗೆ ನೋಡಿದರೆ ಮನಶ್ಶಾಸ್ತ್ರಜ್ಞರ ಸಾಂದ್ರತೆಯಲ್ಲಿ ಈ ಹತ್ತು ಕಿ.ಮೀ. ಪಟ್ಟಿಗೆ ಸಮನಾದ ಜಾಗಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಅವರು ಹದಿಮೂರು ಕಿ.ಮೀ. ಆಚೆಯ ಕಾಪುವಿನ ತರಗತಿಗೆ ವಾರಕ್ಕೊಮ್ಮೆ ತಲುಪುವ ಏರ್ಪಾಡು ಬೇಕಾಗಿದೆ.

ಸರಕಾರದ ಒಂದು ಸೇತುವೆ ‘ಯುವ ಸ್ಪಂದನ’. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜತೆ ಸೇರಿ ನಡೆಸುವ ಈ ಕಾರ್ಯಕ್ರಮದಲ್ಲಿ ಸ್ಥಳೀಯ ಯುವಕ ಯುವತಿಯರೇ ತರಬೇತಿ ಪಡೆದು ‘ಯುವ ಪರಿವರ್ತಕ’ರಾಗುತ್ತಾರೆ, ಕಾಲೇಜುಗಳಿಗೆ ಹೋಗಿ ಓದು, ಸಂಬಂಧ, ಆರೋಗ್ಯದ ಬಗ್ಗೆ ಮಾತಾಡುತ್ತಾರೆ, ಅಗತ್ಯವಿದ್ದವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ವೃತ್ತಿಪರರಲ್ಲದವರಿಗೂ ತರಬೇತಿ ಕೊಟ್ಟು ಆಪ್ತ ಸಲಹೆ ಮಾಡಿಸಬಹುದೆಂದು ಕನ್ನಡ ನಾಡಿನಲ್ಲಿ ಮೊದಲೇ ತೋರಿಸಿದವರು ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್. ಬೆಂಗಳೂರಿನ ‘ಸಮಾಧಾನ’ ಕೇಂದ್ರದಲ್ಲಿ ಅವರು ಅನೇಕ ಗೃಹಿಣಿಯರನ್ನು, ನಿವೃತ್ತರನ್ನು ಈ ಕೆಲಸಕ್ಕೆ ಅಣಿಗೊಳಿಸಿದರು; 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ಕನ್ನಡದಲ್ಲೂ ಕರೆ ಮಾಡಬಹುದು.

ಈ ನಡುವೆ ಕಾನೂನಿನ ಕಡೆಯಿಂದಲೂ ಒತ್ತಡ ಬಂದಿದೆ. ಸುಕ್‌ದೇಬ್ ಸಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ಕೊಟ್ಟ ತೀರ್ಪಿನ ಪ್ರಕಾರ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ನೇಮಿಸಿಕೊಳ್ಳಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ವೃತ್ತಿಪರರೊಡನೆ ಲಿಖಿತ ಸಂಪರ್ಕ ಇಟ್ಟುಕೊಳ್ಳಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು. ಕಾಪು, ಕಾರ್ಕಳದ ಸರಕಾರಿ ಕಾಲೇಜುಗಳೂ ಈ ಲೆಕ್ಕಕ್ಕೆ ಬರುತ್ತವೆ.

ಅರ್ಹ ಎಂದರೆ ಯಾರು ಎಂಬುದು ಮುಂದಿನ ಪ್ರಶ್ನೆ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆ. ಆಪ್ತ ಸಮಾಲೋಚಕರು ಕಾನೂನಿನ ಪಟ್ಟಿಗೆ ಬಂದದ್ದು ಆರೋಗ್ಯಪೂರಕ ವೃತ್ತಿಗಳ 2021ರ ರಾಷ್ಟ್ರೀಯ ಆಯೋಗ ಕಾಯ್ದೆಯಿಂದ. ಕರಾವಳಿಯಲ್ಲಿ ಇವರನ್ನು ತಯಾರಿಸುವ ಹಳೆಯ ಸಂಸ್ಥೆ ಮಂಗಳೂರಿನ ರೋಶನಿ ನಿಲಯ. ಅಲ್ಲಿನ ಸಮಾಜಕಾರ್ಯ ಶಾಲೆ 1960ರದ್ದು. ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಕಡ್ಡಾಯ. ಅದರ ಒಂದು ಪಾಲನ್ನು ಸರಕಾರಿ ಕಾಲೇಜಿನ ಮೊದಲ ಸೆಮಿಸ್ಟರಿಗೆ ಜೋಡಿಸಿ, ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ವಾರಕ್ಕೊಂದು ಪಿರಿಯಡ್ ನಡೆಸುವುದಕ್ಕೆ ಹೊಸ ಹುದ್ದೆಯ ಮಂಜೂರಾತಿ ಬೇಡ. ತಗಾದೆ ಬರುವುದು ವೇಳಾಪಟ್ಟಿಯಲ್ಲಿ: ಆ ಪಿರಿಯಡನ್ನು ಬಸ್ಸಿಗೆ ಓಡುವ ದಿನದ ಕೊನೆಯ ಗಂಟೆಗೆ ಇಡುತ್ತಾರೋ, ಬೆಳಗ್ಗೆ ಹನ್ನೊಂದಕ್ಕೆ ಇಡುತ್ತಾರೋ.